ಈಜುಕೊಳದ ಮೇಲ್ವಿಚಾರಕಿ, ಒಲಿಂಪಿಕ್ ಚಾಂಪಿಯನ್: ಸಾಂಡ್ರಾ ಶ್ಮರ್ಲರ್ ಯಾರು?

1998ರ ಫೆಬ್ರವರಿ. ಜಪಾನಿನ ನಗಾನೊದಲ್ಲಿ ಚಳಿಗಾಲದ ಒಲಿಂಪಿಕ್ಸ್. ಕೆನಡಾದ ಇಡೀ ಗಮನ ಐಸ್ ಹಾಕಿ ಮೇಲಿತ್ತು. ಎನ್‌ಎಚ್‌ಎಲ್ ಎಂಬ ದುಡ್ಡಿನ ಲೀಗ್ ಮೊದಲ ಸಲ ತನ್ನ ಸೀಸನ್ನನ್ನೇ ನಿಲ್ಲಿಸಿ ಆಟಗಾರರನ್ನು ಒಲಿಂಪಿಕ್ಸ್‌ಗೆ ಕಳಿಸಿಕೊಟ್ಟಿತ್ತು. ವೇಯ್ನ್ ಗ್ರೆಟ್ಸ್ಕಿಯಂಥ ದಂತಕಥೆಗಳಿದ್ದ ಆ ತಂಡ ಸೆಮಿಫೈನಲ್‌ನಲ್ಲಿ ಚೆಕ್ ಗಣರಾಜ್ಯಕ್ಕೆ ಸೋತಿತು, ಕಂಚಿನ ಪಂದ್ಯದಲ್ಲಿ ಫಿನ್ಲೆಂಡ್‌ಗೂ ಸೋತು ಬರಿಗೈಲಿ ವಾಪಸಾಯಿತು.

ಅದೇ ಕೂಟದಲ್ಲಿ, ಅದೇ ದೇಶದ ಇನ್ನೊಂದು ತಂಡ ಚಿನ್ನ ಗೆದ್ದಿತ್ತು. ಆ ತಂಡದ ನಾಯಕಿ ರಿಜೈನಾ ಎಂಬ ಊರಿನಲ್ಲಿ ನಗರಾಡಳಿತ ನಡೆಸುವ ಈಜುಕೊಳ ಮತ್ತು ವ್ಯಾಯಾಮ ಕೇಂದ್ರದ ಮೇಲ್ವಿಚಾರಕಿ. ಮನೆಯಲ್ಲಿ ಐದು ತಿಂಗಳ ಕೂಸು. ಹೆಸರು ಸಾಂಡ್ರಾ ಶ್ಮರ್ಲರ್. ಆಟ ಕರ್ಲಿಂಗ್. ಪ್ರಾಸ ತಾನಾಗೇ ಕೂಡಿ ಬಂದಿದ್ದರಿಂದ ಕೆನಡಾದವರು ಅವರನ್ನು 'ಶ್ಮರ್ಲರ್ ದ ಕರ್ಲರ್' ಅಂತಲೇ ಕರೆಯುತ್ತಿದ್ದರು.

ಆ ಚಿನ್ನ ಬಂದು ಎರಡು ವರ್ಷ ಕಳೆಯುತ್ತಲೇ, 36ನೇ ವಯಸ್ಸಿನಲ್ಲಿ, ಅವರು ತೀರಿಕೊಂಡರು. ಹಾಗಾಗಿ ಅವರ ಬಗ್ಗೆ ಬರೆಯುವವರೆಲ್ಲ ಸಾವಿನಿಂದ ಶುರು ಮಾಡಿ ಕಣ್ಣೀರಿನಲ್ಲಿ ಮುಗಿಸುತ್ತಾರೆ. ನನಗೆ ಅದಕ್ಕಿಂತ ಮುಖ್ಯ ಅನ್ನಿಸುವ ಪ್ರಶ್ನೆ ಬೇರೆ: ಕೋಟಿಗಳ ಒಪ್ಪಂದ ಇಲ್ಲದ, ಪೂರ್ತಿ ಸಮಯದ ಕೋಚಿಂಗ್ ಇಲ್ಲದ, ದಿನಾ ಕೆಲಸಕ್ಕೆ ಹೋಗಿ ಬರುವ ಒಬ್ಬ ಹೆಣ್ಣುಮಗಳು ಜಗತ್ತಿನ ಚಾಂಪಿಯನ್ ಆಗಿದ್ದಾದರೂ ಹೇಗೆ?

ಮೊದಲು ಆಟ ಏನು ಅಂತ ನೋಡೋಣ

ಕರ್ಲಿಂಗ್ ಅಂದ ತಕ್ಷಣ ನಮ್ಮಲ್ಲಿ ಬರೋದು ಪೊರಕೆಯ ಜೋಕು. ನಾಲ್ಕು ವರ್ಷಕ್ಕೊಮ್ಮೆ ಚಳಿಗಾಲದ ಒಲಿಂಪಿಕ್ಸ್ ಬಂದಾಗ ವಾಟ್ಸಾಪ್‌ನಲ್ಲಿ 'ನೆಲ ಒರೆಸೋ ಆಟ' ಅಂತ ಮೀಮ್ ಓಡಾಡುತ್ತೆ. ನಗೋದೇನೂ ತಪ್ಪಲ್ಲ. ಆದರೆ ಆಟ ಅಷ್ಟು ಸುಲಭದ್ದಲ್ಲ.

ಸುಮಾರು 45 ಮೀಟರ್ ಉದ್ದದ ಮಂಜುಗಡ್ಡೆಯ ಪಟ್ಟಿ. ಅದರ ತುದಿಯಲ್ಲಿ ಒಂದರೊಳಗೊಂದು ಬಿಡಿಸಿದ ವೃತ್ತಗಳು, ಅದಕ್ಕೆ 'ಹೌಸ್' ಅಂತಾರೆ. ಸುಮಾರು 20 ಕೆ.ಜಿ. ತೂಕದ ಗ್ರಾನೈಟ್ ಕಲ್ಲನ್ನು ಈ ತುದಿಯಿಂದ ಜಾರಿಸಿ ಆ ವೃತ್ತದ ನಡುವಿಗೆ ತಲುಪಿಸಬೇಕು. ಪ್ರತಿ ಸುತ್ತಿಗೆ, ಅಂದರೆ ಪ್ರತಿ 'ಎಂಡ್'ಗೆ, ಎರಡೂ ತಂಡಗಳಿಗೆ ಎಂಟೆಂಟು ಕಲ್ಲು. ನಡುವಿಗೆ ಯಾರ ಕಲ್ಲು ಹತ್ತಿರವೋ ಅವರಿಗೇ ಅಂಕ. ಎದುರಾಳಿಯ ಅತಿ ಹತ್ತಿರದ ಕಲ್ಲಿಗಿಂತ ನಿಮ್ಮವು ಎಷ್ಟು ಹತ್ತಿರ ಇವೆಯೋ ಅಷ್ಟು ಅಂಕ. ಎದುರಾಳಿಯ ಕಲ್ಲನ್ನು ಹೊಡೆದು ಹೊರಗೂ ಹಾಕಬಹುದು. ಕೇರಂ ಆಡಿದವರಿಗೆ ಅರ್ಧ ಅರ್ಥ ಆಗಿರುತ್ತೆ: ನಿಮ್ಮ ಕಾಯಿ ಕಾಪಾಡಿಕೊಳ್ಳೋದು, ಅವರದನ್ನು ಚದುರಿಸೋದು, ಮುಂದಿನ ಮೂರು ಹೊಡೆತ ತಲೆಯಲ್ಲಿಟ್ಟುಕೊಂಡು ಈಗಿನ ಹೊಡೆತ ಹೊಡೆಯೋದು.

ತಂಡದಲ್ಲಿ ನಾಲ್ವರು: ಲೀಡ್, ಸೆಕೆಂಡ್, ಥರ್ಡ್, ಸ್ಕಿಪ್. ಸ್ಕಿಪ್ ಅಂದರೆ ನಾಯಕಿ. ಯೋಜನೆ ಅವಳದು, ಎಂಡ್‌ನ ಕೊನೆಯ ಎರಡು ಕಲ್ಲೂ ಸಾಮಾನ್ಯವಾಗಿ ಅವಳವೇ. ಗೆದ್ದರೂ ಸೋತರೂ ಕ್ಯಾಮೆರಾ ತಿರುಗೋದು ಅವಳ ಮುಖಕ್ಕೆ. ಕಲ್ಲು ಜಾರುತ್ತಿರುವಾಗ ಇಬ್ಬರು ಮುಂದೆ ಓಡುತ್ತಾ ಮಂಜನ್ನು ಉಜ್ಜುತ್ತಾರಲ್ಲ, ಅದು ಕಸ ಗುಡಿಸೋದಲ್ಲ. ಉಜ್ಜಿದಾಗ ಮೇಲ್ಮೈ ಕ್ಷಣಮಾತ್ರ ಬಿಸಿಯಾಗಿ ಘರ್ಷಣೆ ಕಡಿಮೆಯಾಗುತ್ತೆ, ಕಲ್ಲು ಇನ್ನಷ್ಟು ದೂರ, ಇನ್ನಷ್ಟು ನೇರ ಹೋಗುತ್ತೆ.

ಎಂಜಿನಿಯರಿಂಗ್ ಓದಿದ ತಪ್ಪಿಗೆ ಇಲ್ಲಿ ಒಂದು ಮಾತು ಹೇಳದೆ ಮುಂದೆ ಹೋಗೋಕೆ ಆಗಲ್ಲ. ಒಂದು ಸ್ಟೀಲ್ ಲೋಟವನ್ನು ಬೋರಲು ಹಾಕಿ, ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸುತ್ತಾ ನಯವಾದ ನೆಲದ ಮೇಲೆ ಜಾರಿಸಿ. ಅದು ಎಡಕ್ಕೆ ವಾಲುತ್ತೆ. ಕರ್ಲಿಂಗ್ ಕಲ್ಲನ್ನು ಅದೇ ದಿಕ್ಕಿಗೆ ತಿರುಗಿಸಿ ಬಿಟ್ಟರೆ ಬಲಕ್ಕೆ ವಾಲುತ್ತೆ! ಯಾಕೆ ಹೀಗೆ ಅನ್ನೋದರ ಬಗ್ಗೆ ಭೌತವಿಜ್ಞಾನಿಗಳ ಜಗಳ ಇನ್ನೂ ಮುಗಿದಿಲ್ಲ. ಆಟಕ್ಕೆ ಮುಂಚೆ ಮಂಜಿನ ಮೇಲೆ ನೀರಿನ ಸಣ್ಣ ಹನಿ ಚಿಮುಕಿಸಿ ಹೆಪ್ಪುಗಟ್ಟಿಸುತ್ತಾರೆ. ಕಲ್ಲಿನ ತಳ ಆ ಹನಿಗಳ ಮೇಲೆ ಸಣ್ಣ ಗೀರು ಮೂಡಿಸುತ್ತೆ, ಆ ಗೀರುಗಳೇ ಕಲ್ಲನ್ನು ಪಕ್ಕಕ್ಕೆ ಎಳೆಯುತ್ತವೆ ಅಂತ ಸ್ವೀಡನ್ನಿನ ಉಪ್ಸಾಲಾ ವಿಶ್ವವಿದ್ಯಾಲಯದವರು 2013ರಲ್ಲಿ ವಾದಿಸಿದರು. ಎಲ್ಲರೂ ಒಪ್ಪಿಲ್ಲ. ಸಮೀಕರಣ ಸಿಗದ ಈ ಓರೆಯನ್ನು ಕಣ್ಣಳತೆಯಲ್ಲೇ ಲೆಕ್ಕ ಹಾಕುವುದು ಸ್ಕಿಪ್ ಕೆಲಸ.

'ನ್ಯೂಯಾರ್ಕ್ ಬಿಗ್ ಇರಬಹುದು, ಇದು ಬಿಗ್ಗರ್'

ಸಾಂಡ್ರಾ ಹುಟ್ಟಿದ್ದು 1963ರ ಜೂನ್ 11ರಂದು, ಕೆನಡಾದ ಸಸ್ಕಾಚೆವನ್ ಪ್ರಾಂತ್ಯದ ಬಿಗ್ಗರ್ ಎಂಬ ಪುಟ್ಟ ಊರಿನಲ್ಲಿ. ರೈಲು ಮಾರ್ಗದಿಂದ ಹುಟ್ಟಿದ ಊರು, ಜನಸಂಖ್ಯೆ ಎರಡು ಸಾವಿರದ ಆಸುಪಾಸು. ಊರ ಬಾಗಿಲಿನ ಫಲಕದಲ್ಲಿ ಈ ಮೇಲಿನ ಮಾತು ಇದೆ. ಹೆಸರಿನ ಮೇಲೆ ತಾವೇ ತಮಾಷೆ ಮಾಡಿಕೊಳ್ಳುವ ಜನ.

ಸಸ್ಕಾಚೆವನ್ ಅಂದರೆ ಗೋಧಿಯ ಸೀಮೆ. ಬೇಸಿಗೆಯಲ್ಲಿ ಬಿಡುವಿಲ್ಲದ ಕೆಲಸ, ಚಳಿಗಾಲದಲ್ಲಿ ಹೊಲದ ತುಂಬ ಹಿಮ. ತಿಂಗಳುಗಟ್ಟಲೆ ಮಾಡೋಕೆ ಕೆಲಸ ಇಲ್ಲದ ರೈತರಿಗೆ, ಅವರ ಮನೆಯವರಿಗೆ, ಸೇರಿಕೊಳ್ಳಲು ಒಂದು ಜಾಗ ಬೇಕಿತ್ತು. ಹಾಗಾಗಿ ಊರೂರಲ್ಲೂ ಕರ್ಲಿಂಗ್ ರಿಂಕ್ ಎದ್ದಿತು. ಬಹಳಷ್ಟು ಕಡೆ ಊರವರೇ ಕೈಯಿಂದ ಹಣ ಹಾಕಿ, ಮೈಯಿಂದ ದುಡಿದು ಕಟ್ಟಿಕೊಂಡದ್ದು. ಒಂದು ಬದಿಯಲ್ಲಿ ಆಟ, ಇನ್ನೊಂದು ಬದಿಯಲ್ಲಿ ಕಾಫಿ, ಸೂಪು, ಊರಿನ ಸುದ್ದಿ. ನಮ್ಮ ಕಡೆಯ ಅರಳಿಕಟ್ಟೆಗೆ ಚಾವಣಿ ಹಾಕಿ ಒಳಗೆ ಮಂಜು ಹಾಸಿದರೆ ಹೇಗಿರುತ್ತೋ ಹಾಗೆ. ಒಂದು ವ್ಯತ್ಯಾಸ ಇದೆ: ಅರಳಿಕಟ್ಟೆಯ ಮೇಲೆ ಹೆಣ್ಣುಮಕ್ಕಳಿಗೆ ಜಾಗ ಇರಲ್ಲ, ರಿಂಕ್‌ನಲ್ಲಿ ಇತ್ತು.

ಇದೇ ಪ್ರಾಂತ್ಯ ಸಹಕಾರಿ ಚಳವಳಿಗೆ ಹೆಸರಾದದ್ದು. ಉತ್ತರ ಅಮೆರಿಕದಲ್ಲಿ ಮೊದಲ ಬಾರಿ ಎಲ್ಲರಿಗೂ ಸರ್ಕಾರಿ ವೈದ್ಯಕೀಯ ವಿಮೆ ತಂದಿದ್ದೂ ಇಲ್ಲೇ. 1962ರ ಜುಲೈನಲ್ಲಿ ವೈದ್ಯರ ಮುಷ್ಕರವನ್ನು ಎದುರಿಸಿ ಅದು ಜಾರಿಗೆ ಬಂತು. ಸಾಂಡ್ರಾ ಹುಟ್ಟಿದ್ದು ಅದರ ಮರುವರ್ಷ.

ಕೆನಡಾದಲ್ಲಿ ಗಂಡಸರ ರಾಷ್ಟ್ರೀಯ ಚಾಂಪಿಯನ್‌ಶಿಪ್ 'ಬ್ರೈಯರ್' ಶುರುವಾಗಿದ್ದು 1927ರಲ್ಲಿ. ಹೆಂಗಸರದ್ದು 1961ರಲ್ಲಿ. ಮೂವತ್ತನಾಲ್ಕು ವರ್ಷದ ಅಂತರ. ಗಂಡಸರ ವಿಶ್ವ ಚಾಂಪಿಯನ್‌ಶಿಪ್ 1959ರಲ್ಲಿ, ಹೆಂಗಸರದ್ದು 1979ರಲ್ಲಿ. ಆದರೂ ಮಹಿಳೆಯರ ಮೊದಲ ರಾಷ್ಟ್ರೀಯ ಪ್ರಶಸ್ತಿ ಗೆದ್ದದ್ದು ಸಸ್ಕಾಚೆವನ್ನಿನ ಜಾಯ್ಸ್ ಮೆಕೀ ತಂಡ. ಕೆನಡಾಕ್ಕೆ ಮಹಿಳೆಯರ ಮೊದಲ ವಿಶ್ವ ಪ್ರಶಸ್ತಿ ತಂದುಕೊಟ್ಟದ್ದು, 1980ರಲ್ಲಿ, ರಿಜೈನಾದ ಮಾರ್ಜ್ ಮಿಚೆಲ್. ಆ ಮಿಚೆಲ್ ಕೂಡ 1983ರಲ್ಲಿ, 35ನೇ ವಯಸ್ಸಿನಲ್ಲಿ, ಕ್ಯಾನ್ಸರ್‌ನಿಂದ ತೀರಿಕೊಂಡರು. ಸಾಂಡ್ರಾಗೆ ಆಗ ಇಪ್ಪತ್ತು.

ನಾಲ್ವರ ಕೂಟ

ಶಾಲಾ ದಿನಗಳಲ್ಲೇ, 1981ರಲ್ಲಿ, ಸಾಂಡ್ರಾ ಇದ್ದ ತಂಡ ಪ್ರಾಂತ್ಯದ ಪ್ರೌಢಶಾಲಾ ಪ್ರಶಸ್ತಿ ಗೆದ್ದಿತ್ತು. ಮುಂದೆ ಸಸ್ಕಾಚೆವನ್ ವಿಶ್ವವಿದ್ಯಾಲಯದಲ್ಲಿ ದೈಹಿಕ ಶಿಕ್ಷಣ ಓದಿ, ಕೆಲಸಕ್ಕಾಗಿ ರಿಜೈನಾಕ್ಕೆ ಬಂದರು. ಅಲ್ಲಿ ಕ್ಯಾಥಿ ಫಾಲ್ಮನ್ ಅವರ ತಂಡದಲ್ಲಿ ಆಡುತ್ತಾ 1987ರಲ್ಲಿ ಪ್ರಾಂತ್ಯ ಗೆದ್ದರು. ಆ ತಂಡದ ಸಂಗಾತಿ ಜ್ಯಾನ್ ಬೆಟ್ಕರ್ ಜೊತೆ 1990ರಲ್ಲಿ ಸ್ವಂತ ತಂಡ ಕಟ್ಟಿದರು. ಬೆಟ್ಕರ್ ಥರ್ಡ್, ಜೋನ್ ಮೆಕಸ್ಕರ್ ಸೆಕೆಂಡ್, ಮಾರ್ಸಿಯಾ ಗುಡರೈಟ್ ಲೀಡ್. ಮುಂದಿನ ದೊಡ್ಡ ಗೆಲುವುಗಳೆಲ್ಲ ಈ ನಾಲ್ವರವೇ. ಕೋಚ್ ಅನಿಟಾ ಫೋರ್ಡ್, ಅವರ ಮಗಳು ಅಟೀನಾ ನಗಾನೊದಲ್ಲಿ ಐದನೇ ಆಟಗಾರ್ತಿ.

ಗೆದ್ದ ಪಟ್ಟಿ ಬೇಗ ಹೇಳಿ ಮುಗಿಸುತ್ತೇನೆ. 1993, 1994 ಮತ್ತು 1997ರಲ್ಲಿ ಕೆನಡಾ ಚಾಂಪಿಯನ್. ಅದೇ ಮೂರು ವರ್ಷ ವಿಶ್ವ ಚಾಂಪಿಯನ್: ಜಿನೀವಾ, ಜರ್ಮನಿಯ ಓಬರ್ಸ್ಟ್‌ಡಾರ್ಫ್, ಬರ್ನ್. ಆಡಿದ ಮೂರೂ ವಿಶ್ವ ಚಾಂಪಿಯನ್‌ಶಿಪ್ ಗೆದ್ದವರು. ನಡುವಿನ ಎರಡು ವರ್ಷ ರಾಷ್ಟ್ರೀಯ ಪ್ರಶಸ್ತಿ ಬೇರೆಯವರ ಪಾಲಾಯಿತು. ಆಗ ತಂಡ ಒಡೆಯಲಿಲ್ಲ. ಇಂದಿನ ಕರ್ಲಿಂಗ್‌ನಲ್ಲಿ ಎರಡು ಸೀಸನ್ ಸೋತರೆ ಆಟಗಾರರನ್ನು ಬದಲಾಯಿಸೋದು ಮಾಮೂಲು. ಇವರು ಒಬ್ಬರನ್ನೊಬ್ಬರು ಕಾದರು. ಯಾರಿಗೋ ಬಸಿರು, ಯಾರಿಗೋ ಬಾಣಂತನ, ಇನ್ಯಾರಿಗೋ ಆಫೀಸಿನ ರಜೆಯ ತೊಂದರೆ. ಆ ಲೆಕ್ಕವನ್ನೆಲ್ಲ ಇಟ್ಟುಕೊಂಡೇ ತಂಡ ನಡೀತು.

ದುಡ್ಡಿನ ವಿಚಾರಕ್ಕೆ ಬರೋಣ. ಗಂಡಸರ ಬ್ರೈಯರ್‌ಗೆ ಮೊದಲು ತಂಬಾಕು ಕಂಪನಿ, 1980ರಿಂದ ಬಿಯರ್ ಕಂಪನಿ ಪ್ರಾಯೋಜಕರು. ಹೆಂಗಸರ ಚಾಂಪಿಯನ್‌ಶಿಪ್‌ಗೆ 1982ರಿಂದ ಸ್ಕಾಟ್ ಪೇಪರ್, ಅಂದರೆ ಟಿಶ್ಯೂ ಪೇಪರ್, ಟಾಯ್ಲೆಟ್ ಪೇಪರ್ ಮಾಡುವ ಕಂಪನಿ. ಕೂಟದ ಹೆಸರು 'ಟೂರ್ನಮೆಂಟ್ ಆಫ್ ಹಾರ್ಟ್ಸ್'. ಆಡಲು ಅರ್ಹತೆ ಪಡೆದವರಿಗೆ ನಾಲ್ಕು ಪುಟ್ಟ ಹೃದಯಗಳ ಪದಕವಿರುವ ಚಿನ್ನದ ಸರ. ಮತ್ತೆ ಮತ್ತೆ ಬಂದವರ ಸರಕ್ಕೆ ವಜ್ರದ ಹರಳು ಸೇರುತ್ತೆ. ಆಟಗಾರ್ತಿಯರು ಆ ಸರವನ್ನು ಹೆಮ್ಮೆಯಿಂದ ಹಾಕಿಕೊಳ್ಳುತ್ತಾರೆ, ಅದು ಅವರ ಹಕ್ಕು. ಕಂಪನಿ ದಶಕಗಳ ಕಾಲ ಕೈಬಿಡದೆ ನಿಂತಿದ್ದೂ ನಿಜ. ಆದರೆ ಗಂಡಸರ ಆಟಕ್ಕೆ ಬಿಯರು, ಹೆಂಗಸರ ಆಟಕ್ಕೆ ಮನೆಗೆಲಸದ ಸಾಮಾನು ಮತ್ತು ಒಡವೆ ಅನ್ನೋ ಹಂಚಿಕೆಯನ್ನು ಯಾವ ಸಮಿತಿಯೂ ಕೂತು ಬರೆದಿರಲಿಲ್ಲ. ಅದು ಎಲ್ಲರಿಗೂ ಸಹಜ ಅನ್ನಿಸಿತ್ತು, ಅಷ್ಟೇ.

ಗಂಡಸರ ದೊಡ್ಡ ಮೊತ್ತದ 'ಗ್ರ್ಯಾಂಡ್ ಸ್ಲ್ಯಾಮ್' ಸರಣಿ ಶುರುವಾಗಿದ್ದು 2001ರಲ್ಲಿ, ಪ್ರಮುಖ ತಂಡಗಳು ದುಡ್ಡಿನ ವಿಚಾರಕ್ಕೆ ಬ್ರೈಯರ್ ಬಹಿಷ್ಕರಿಸಿದ ಹೊತ್ತಿಗೆ. ಮಹಿಳೆಯರ ಸರಣಿ ಬಂದದ್ದು 2006ರಲ್ಲಿ. ಎರಡನ್ನೂ ನೋಡಲು ಸಾಂಡ್ರಾ ಇರಲಿಲ್ಲ.

ಹಾಗಾಗಿ ಸಂಬಳ ಬರುತ್ತಿದ್ದದ್ದು ಈಜುಕೊಳದಿಂದ. ನಮ್ಮಲ್ಲಿ ರೈಲ್ವೆ, ಪೊಲೀಸ್ ಇಲಾಖೆಯ ಕ್ರೀಡಾ ಕೋಟಾ ಇದೆ. ಪದಕಕ್ಕೆ ಪ್ರತಿಯಾಗಿ ಕೆಲಸ. ಇವರದು ಹಾಗಲ್ಲ. ಕರ್ಲಿಂಗ್ ಆಡದಿದ್ದರೂ ಮಾಡಬೇಕಿದ್ದ ಮಾಮೂಲಿ ನೌಕರಿ. ತಂಡದ ಉಳಿದವರದೂ ಅದೇ ಕಥೆ: ಹಗಲು ಕೆಲಸ, ಸಂಜೆ ಅಭ್ಯಾಸ. 'ಎಷ್ಟು ಸರಳ ಜನ, ದುಡ್ಡಿಲ್ಲದೆ ಆಟದ ಪ್ರೀತಿಗೆ ಆಡಿದರು' ಅಂತ ಕೆನಡಾದ ಮಾಧ್ಯಮ ಇವರನ್ನು ಹೊಗಳಿದ್ದು ಇದೆ. ಈ ಹೊಗಳಿಕೆ ಬಗ್ಗೆ ಸ್ವಲ್ಪ ಹುಷಾರಾಗಿರಬೇಕು. ಸಂಬಳ ಕೊಡದೆ ಇರೋದಕ್ಕೆ ಪ್ರೀತಿ ಅನ್ನೋ ಹೆಸರು ಹೆಂಗಸರ ವಿಷಯದಲ್ಲೇ ಬೇಗ ಸಿಗುತ್ತೆ.

ಬ್ರ್ಯಾಂಡನ್‌ನ ಆ ಒಂದು ಕಲ್ಲು

ಕರ್ಲಿಂಗ್ ಮೊದಲ ಬಾರಿ ಒಲಿಂಪಿಕ್ಸ್‌ನಲ್ಲಿದ್ದದ್ದು 1924ರಲ್ಲಿ, ಗಂಡಸರಿಗೆ ಮಾತ್ರ. 1988 ಮತ್ತು 1992ರಲ್ಲಿ ಪ್ರದರ್ಶನ ಕ್ರೀಡೆಯಾಗಿತ್ತು. ಮಹಿಳೆಯರಿಗೆ ಪೂರ್ಣ ಪ್ರಮಾಣದ ಪದಕ ಅಂತ ಬಂದದ್ದು 1998ರ ನಗಾನೊದಲ್ಲೇ. ಕೆನಡಾದಲ್ಲಿ ಒಲಿಂಪಿಕ್ಸ್‌ಗೆ ಯಾರನ್ನು ಕಳಿಸಬೇಕು ಅನ್ನೋದನ್ನು ಆಯ್ಕೆ ಸಮಿತಿ ನಿರ್ಧರಿಸಲಿಲ್ಲ. ಒಂದು ಟ್ರಯಲ್ಸ್ ಕೂಟ, ಗೆದ್ದವರು ಹೋಗಬೇಕು, ಅಷ್ಟೇ. ವಿಶ್ವ ಚಾಂಪಿಯನ್ ಆಗಿದ್ದರೂ ವಿನಾಯಿತಿ ಇಲ್ಲ.

ಆ ಟ್ರಯಲ್ಸ್ ನಡೆದದ್ದು 1997ರ ನವೆಂಬರ್ ಕೊನೆಯಲ್ಲಿ, ಮ್ಯಾನಿಟೋಬಾದ ಬ್ರ್ಯಾಂಡನ್‌ನಲ್ಲಿ. ಸಾಂಡ್ರಾಗೆ ಮೊದಲ ಮಗು ಹುಟ್ಟಿದ್ದು ಅದೇ ಸೆಪ್ಟೆಂಬರ್‌ನಲ್ಲಿ. ಹೆರಿಗೆಯಾಗಿ ಸುಮಾರು ಹತ್ತು ವಾರಕ್ಕೆ ಟ್ರಯಲ್ಸ್. ಕಲ್ಲು ಬಿಡುವ ಭಂಗಿಯನ್ನು ಒಮ್ಮೆ ನೋಡಿ: ಒಂದು ಕಾಲು ಮಡಚಿ, ಇನ್ನೊಂದನ್ನು ಹಿಂದಕ್ಕೆ ಪೂರ್ತಿ ಚಾಚಿ, ಹೊಟ್ಟೆ ಬಹುತೇಕ ನೆಲಕ್ಕೆ ತಾಗುವ ಹಾಗೆ ಜಾರಬೇಕು. ಬಾಣಂತನದ ಮೈಯಲ್ಲಿ ಅದನ್ನು ದಿನಕ್ಕೆ ಹತ್ತಾರು ಸಲ ಮಾಡೋದು ಅಂದರೇನು ಅಂತ ಹೆತ್ತವರಿಗೆ ಹೇಳಬೇಕಿಲ್ಲ.

ಫೈನಲ್‌ನಲ್ಲಿ ಎದುರಾಳಿ ಶ್ಯಾನನ್ ಕ್ಲೈಬ್ರಿಂಕ್ ತಂಡ. ಏಳನೇ ಎಂಡ್. ಸಾಂಡ್ರಾ ಕೈಯಲ್ಲಿ ಕೊನೆಯ ಕಲ್ಲು. ಎದುರಾಳಿಯ ಕಲ್ಲು ಮುಂದಿನ ಕಲ್ಲುಗಳ ಮರೆಯಲ್ಲಿ ಕೂತಿತ್ತು, ತಲುಪಲು ಇದ್ದದ್ದು ಕಲ್ಲುಗಳ ನಡುವಿನ ಒಂದು ಇಕ್ಕಟ್ಟಾದ ಸಂದು. ಸುಲಭದ ಹೊಡೆತ ಆರಿಸಿ ಕಡಿಮೆಗೆ ತೃಪ್ತಿಪಟ್ಟುಕೊಳ್ಳುವುದು ಒಂದು ದಾರಿ. ಸಂದಿಯಲ್ಲೇ ತೂರಿಸುವುದು ಇನ್ನೊಂದು. ಕಲ್ಲು ಹಾದಿಯಲ್ಲಿ ವಾಲುತ್ತಾ ಹೋಗುವುದರಿಂದ ವೇಗ ಚೂರು ಹೆಚ್ಚಾದರೂ ಚೂರು ಕಡಿಮೆಯಾದರೂ ಸಂದಿನ ಅಂಚಿಗೆ ಬಡಿಯುತ್ತೆ. ಸಾಂಡ್ರಾ ತೂರಿಸಿದರು. ಕಲ್ಲು ಸಂದು ದಾಟಿ, ಎದುರಾಳಿಯ ಕಲ್ಲನ್ನು ಹೊಡೆದು ಹೊರಹಾಕಿತು. ಮೂರು ಅಂಕ. ಪಂದ್ಯ 9–6ರಲ್ಲಿ ಅವರದಾಯಿತು. ಕೆನಡಾದ ಕರ್ಲಿಂಗ್ ಇತಿಹಾಸದ ಅತಿ ದೊಡ್ಡ ಹೊಡೆತಗಳ ಚರ್ಚೆ ಬಂದಾಗ ಇವತ್ತಿಗೂ ಜನ ಆ ವಿಡಿಯೋ ತೆಗೆದು ತೋರಿಸುತ್ತಾರೆ. ನೀವೂ ಹುಡುಕಿ ನೋಡಿ, ಆಟದ ನಿಯಮ ಗೊತ್ತಿಲ್ಲದಿದ್ದರೂ ಕಲ್ಲು ಆ ಸಂದಿಗೆ ಬರುವಾಗ ಉಸಿರು ಹಿಡಿಯುತ್ತೆ.

ನಗಾನೊ ಒಲಿಂಪಿಕ್ಸ್‌ನ ಕರ್ಲಿಂಗ್ ನಡೆದದ್ದು ಕರುಯಿಜಾವಾ ಎಂಬ ಗುಡ್ಡದ ಊರಲ್ಲಿ. ಸೆಮಿಫೈನಲ್‌ನಲ್ಲಿ ಬ್ರಿಟನ್ ಬೆವರಿಳಿಸಿತು. ಹೆಚ್ಚುವರಿ ಎಂಡ್‌ಗೆ ಹೋಗಿ 6–5ರಲ್ಲಿ ಪಾರು. ಫೆಬ್ರವರಿ 15ರ ಫೈನಲ್‌ನಲ್ಲಿ ಡೆನ್ಮಾರ್ಕ್ ವಿರುದ್ಧ 7–5. ಮಹಿಳಾ ಕರ್ಲಿಂಗ್‌ನ ಮೊಟ್ಟಮೊದಲ ಒಲಿಂಪಿಕ್ ಚಿನ್ನ. ಅದೇ ದಿನ ಕೆನಡಾದ ಗಂಡಸರ ತಂಡ ಫೈನಲ್‌ನಲ್ಲಿ ಸ್ವಿಟ್ಜರ್ಲೆಂಡ್‌ಗೆ 9–3ರಲ್ಲಿ ಸೋತಿತು.

ಚಿನ್ನ ಗೆದ್ದ ಕೆಲವೇ ದಿನಕ್ಕೆ ತಮ್ಮದೇ ಊರು ರಿಜೈನಾದಲ್ಲಿ ರಾಷ್ಟ್ರೀಯ ಚಾಂಪಿಯನ್‌ಶಿಪ್ ಶುರುವಾಯಿತು. ಹಾಲಿ ಚಾಂಪಿಯನ್ನರಾಗಿ ಅಲ್ಲೂ ಆಡಬೇಕಿತ್ತು. ಪ್ರಶಸ್ತಿ ಆಲ್ಬರ್ಟಾದ ಕ್ಯಾಥಿ ಬೋರ್ಸ್ಟ್ ತಂಡಕ್ಕೆ ಹೋಯಿತು. ಆಯಾಸಕ್ಕೆ ಪದಕ ಕೊಡುವ ಪದ್ಧತಿ ಇಲ್ಲವಲ್ಲ.

ಕೊನೆಯ ಎಂಟು ತಿಂಗಳು

1999ರ ಏಪ್ರಿಲ್‌ನಲ್ಲಿ ಸಾಂಡ್ರಾ ಅವರ ತಂದೆ ಕ್ಯಾನ್ಸರ್‌ನಿಂದ ತೀರಿಕೊಂಡರು. ಜೂನ್ ಕೊನೆಯಲ್ಲಿ ಎರಡನೇ ಮಗಳು ಹುಟ್ಟಿದಳು. ಹೆರಿಗೆಯ ಮುಂಚೆ ಮತ್ತು ನಂತರ ಕಾಡಿದ ಬೆನ್ನುನೋವಿನ ಹಿಂದೆ ಇದ್ದದ್ದು ಎದೆಯೊಳಗೆ, ಹೃದಯದ ಹಿಂಬದಿಯಲ್ಲಿ ಬೆಳೆದಿದ್ದ ಕ್ಯಾನ್ಸರ್ ಗೆಡ್ಡೆ. ಬಸಿರಿ, ಬಾಣಂತಿಯರ ಬೆನ್ನುನೋವನ್ನು ಯಾವ ದೇಶದಲ್ಲಾದರೂ 'ಇದೆಲ್ಲ ಸಹಜ' ಅಂತ ಬದಿಗಿಡೋದು ಎಷ್ಟು ಸುಲಭ ಅನ್ನೋದು ಇಲ್ಲಿ ನೆನಪಾಗದೆ ಇರಲ್ಲ.

2000ದ ಫೆಬ್ರವರಿಯಲ್ಲಿ, ಮಾಂಕ್ಟನ್‌ನಲ್ಲಿ ನಡೆಯುತ್ತಿದ್ದ ರಾಷ್ಟ್ರೀಯ ಜೂನಿಯರ್ ಕೂಟಕ್ಕೆ ಅವರು ಸಿಬಿಸಿ ವಾಹಿನಿಯ ವೀಕ್ಷಕ ವಿವರಣೆಗಾರ್ತಿಯಾಗಿ ಬಂದರು. ಅಲ್ಲಿ ಮೊದಲ ಬಾರಿ ಪತ್ರಕರ್ತರ ಮುಂದೆ ತಮ್ಮ ಕಾಯಿಲೆಯ ಬಗ್ಗೆ ಮಾತಾಡಿದರು, ನಡುನಡುವೆ ಗಂಟಲು ಕಟ್ಟಿತು, ಆದರೂ ನಿಲ್ಲಿಸಲಿಲ್ಲ. ಮಾರ್ಚ್ 2ರಂದು ತೀರಿಕೊಂಡರು.

ಅಂತ್ಯಸಂಸ್ಕಾರದ ಪ್ರಾರ್ಥನೆಯನ್ನು ಸಿಬಿಸಿಯ ಸುದ್ದಿವಾಹಿನಿ ಮತ್ತು ಟಿಎಸ್‌ಎನ್ ಕ್ರೀಡಾವಾಹಿನಿ ದೇಶಕ್ಕೆಲ್ಲ ನೇರಪ್ರಸಾರ ಮಾಡಿದವು. ಆ ವಾರ ಸಾಸ್ಕಟೂನ್‌ನಲ್ಲಿ ಗಂಡಸರ ಬ್ರೈಯರ್ ನಡೆಯುತ್ತಿತ್ತು. ಆಟ ತಡ ಮಾಡಿ, ಕ್ರೀಡಾಂಗಣದ ಪರದೆಯ ಮೇಲೆ ಪ್ರಾರ್ಥನೆ ತೋರಿಸಿದರು. ಆಟಗಾರರು, ಪ್ರೇಕ್ಷಕರು ಕೂತು ನೋಡಿದರು. ಹೆಂಗಸರ ಆಟಕ್ಕಿಂತ ಮೂವತ್ತನಾಲ್ಕು ವರ್ಷ ಮುಂಚೆ ಶುರುವಾದ ಕೂಟ ಒಬ್ಬ ಹೆಣ್ಣುಮಗಳಿಗಾಗಿ ತನ್ನ ವೇಳಾಪಟ್ಟಿ ಬದಲಾಯಿಸಿಕೊಂಡಿತ್ತು.

ಮರುವರ್ಷ, 2001ರಲ್ಲಿ, ಸಸ್ಕಾಚೆವನ್ ಕರ್ಲಿಂಗನ್ನು ತನ್ನ ಅಧಿಕೃತ ಕ್ರೀಡೆ ಅಂತ ಘೋಷಿಸಿತು. ಅದೇ ವರ್ಷ ಅವರ ಹೆಸರಿನಲ್ಲಿ ಒಂದು ಪ್ರತಿಷ್ಠಾನ ಶುರುವಾಯಿತು. ಅವಧಿಗೆ ಮುಂಚೆ ಹುಟ್ಟಿದ, ಕಾಯಿಲೆ ಬಿದ್ದ ನವಜಾತ ಶಿಶುಗಳ ತೀವ್ರ ನಿಗಾ ಘಟಕಗಳಿಗೆ ಉಪಕರಣ ಕೊಡಿಸೋದು ಅದರ ಕೆಲಸ. ಕರ್ಲಿಂಗ್ ಕ್ಲಬ್ಬುಗಳು, ಟಿವಿ ನೋಡುವ ಸಾಮಾನ್ಯ ಜನ ಹಣ ಕೊಡುತ್ತಾರೆ. ಒಳ್ಳೆಯ ಕೆಲಸ, ಅನುಮಾನ ಇಲ್ಲ. ಆದರೆ ಎಲ್ಲರಿಗೂ ಸರ್ಕಾರಿ ವೈದ್ಯಕೀಯ ವಿಮೆ ಅನ್ನೋ ಕಲ್ಪನೆಯನ್ನು ಖಂಡಕ್ಕೇ ಕೊಟ್ಟ ಪ್ರಾಂತ್ಯದ ಮಗಳ ಹೆಸರಿನಲ್ಲಿ, ಆಸ್ಪತ್ರೆಯ ಯಂತ್ರಗಳಿಗೆ ಚಂದಾ ಎತ್ತಬೇಕಾಗಿ ಬಂದದ್ದು ಹೇಗೆ ಅಂತಲೂ ಕೇಳಬೇಕು. ಹಳ್ಳಿಯ ರಿಂಕ್ ಊರವರದ್ದು, ಈಜುಕೊಳ ನಗರದ್ದು, ಆಸ್ಪತ್ರೆ ಸರ್ಕಾರದ್ದು; ಸಾಂಡ್ರಾ ಬೆಳೆದದ್ದು ಇವುಗಳ ನಡುವೆ. ಒಂದೊಂದಾಗಿ ಇವನ್ನೆಲ್ಲ ದಾನಿಗಳ ಔದಾರ್ಯಕ್ಕೆ ಬಿಟ್ಟರೆ ಮುಂದಿನ ಸಾಂಡ್ರಾ ಎಲ್ಲಿ ಕಲಿಯಬೇಕು?

ತಂಡದ ಉಳಿದವರು ಕರ್ಲಿಂಗ್ ಬಿಡಲಿಲ್ಲ. ಬೆಟ್ಕರ್ ನಾಯಕತ್ವ ವಹಿಸಿಕೊಂಡು ಆಡಿದರು, ಮೆಕಸ್ಕರ್ ಸಿಬಿಸಿಯಲ್ಲಿ ವೀಕ್ಷಕ ವಿವರಣೆಗಾರ್ತಿಯಾದರು. ರಾಷ್ಟ್ರೀಯ ಚಾಂಪಿಯನ್‌ಶಿಪ್‌ನ ಪ್ಲೇಆಫ್‌ನಲ್ಲಿ ಅತ್ಯುತ್ತಮವಾಗಿ ಆಡಿದವರಿಗೆ ಸಾಂಡ್ರಾ ಶ್ಮರ್ಲರ್ ಪ್ರಶಸ್ತಿ ಇದೆ; ಅದೇ ಕೂಟದಲ್ಲಿ ಕ್ರೀಡಾ ಮನೋಭಾವಕ್ಕೆ ಕೊಡುವ ಪ್ರಶಸ್ತಿ ಮಾರ್ಜ್ ಮಿಚೆಲ್ ಹೆಸರಿನದು. ರಿಜೈನಾದಲ್ಲಿ ಅವರು ಕೆಲಸ ಮಾಡುತ್ತಿದ್ದ ಸೌತ್ ಈಸ್ಟ್ ಲೀಷರ್ ಸೆಂಟರ್‌ನ ಹೆಸರು ಈಗ ಸಾಂಡ್ರಾ ಶ್ಮರ್ಲರ್ ಲೀಷರ್ ಸೆಂಟರ್. ಈಗಲೂ ಅದು ನಗರಾಡಳಿತದ್ದೇ, ಊರಿನ ಮಕ್ಕಳು ಈಜು ಕಲಿಯಲು ಅಲ್ಲಿಗೇ ಬರುತ್ತಾರೆ.